ಸೂಕ್ಷ್ಮ ಚರ್ಮದ ಮಗಳಿಗೆ ಮೊಡವೆ: ಯಾವ ಮುಲಾಮು, ಎಷ್ಟು ಹೊತ್ತು?

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಒಂದೂವರೆ ವರ್ಷದಿಂದ ಹಣೆ, ಕೆನ್ನೆಯ ಮೇಲೆ ಮೊಡವೆ. ಚಿಕ್ಕವಳಿದ್ದಾಗ ಮೊಣಕೈ ಸಂದಿಯಲ್ಲಿ ಇಸಬು ಇತ್ತು. ಈಗಲೂ ಯಾವ ಸೋಪು ಹಚ್ಚಿದರೂ ಮುಖ ಉರಿದು ಕೆಂಪಗಾಗುತ್ತದೆ. ಮೆಡಿಕಲ್ ಶಾಪ್‌ನವರು ಕೊಟ್ಟ ಕ್ರೀಮಿನಿಂದ ಹತ್ತೇ ದಿನದಲ್ಲಿ ಮುಖ ತಿಳಿಯಾಯಿತು, ಬಿಟ್ಟ ವಾರದಲ್ಲಿ ಮೊದಲಿಗಿಂತ ಹೆಚ್ಚಾಯಿತು. ಅವಳ ಗೆಳತಿ ಬೆಂಜಾಯಿಲ್ ಪೆರಾಕ್ಸೈಡ್ ಹಚ್ಚುತ್ತಾಳಂತೆ, ಇಂಟರ್ನೆಟ್‌ನಲ್ಲಿ ಅಡಾಪಲೀನ್ ಒಳ್ಳೆಯದು ಅನ್ನುತ್ತಾರೆ, ನಮ್ಮ ನಾದಿನಿ ‘ಐಸೊಟ್ರೆಟಿನೋಯಿನ್ ಮಾತ್ರೆ ಕೊಡಿಸಿಬಿಡಿ, ಎಲ್ಲ ಒಣಗುತ್ತದೆ’ ಅನ್ನುತ್ತಾಳೆ. ಎರಡು ತಿಂಗಳಲ್ಲಿ ಅವಳ ಚಿಕ್ಕಮ್ಮನ ಮದುವೆ ಬೇರೆ. ಯಾವುದನ್ನು ಆರಿಸಲಿ? ಒಬ್ಬ ತಾಯಿ, ಹಾವೇರಿ

ಉತ್ತರ: ಮೂರು ಔಷಧಗಳ ಹೆಸರು ಬರೆದಿದ್ದೀರಿ. ಮೊದಲು ನೋಡಬೇಕಾದದ್ದು ನೀವು ಹೆಸರು ಬರೆಯದ ನಾಲ್ಕನೆಯದನ್ನು, ಹತ್ತು ದಿನದಲ್ಲಿ ಮುಖ ತಿಳಿ ಮಾಡಿದ ಆ ಕ್ರೀಮನ್ನು. ಮೊಡವೆಗೆ ಹಚ್ಚುವ ಸರಿಯಾದ ಔಷಧ ಯಾವುದೂ ಅಷ್ಟು ಬೇಗ ಕೆಲಸ ಮಾಡುವುದಿಲ್ಲ. ಒಳ್ಳೆಯ ಮುಲಾಮು ಕೂಡ ಗುಣ ತೋರಿಸಲು 6ರಿಂದ 8 ವಾರ ಬೇಕು, ಪೂರ್ತಿ ಕೆಲಸಕ್ಕೆ 12 ವಾರ. ಹತ್ತೇ ದಿನದಲ್ಲಿ ಕೆಂಪು ಇಳಿದು, ಬಿಟ್ಟ ವಾರದಲ್ಲೇ ಹೆಚ್ಚಾಗಿ ಮರಳಿತು ಎಂದರೆ ಅದರಲ್ಲಿ ಸ್ಟೀರಾಯ್ಡ್ ಇದ್ದಿರುವ ಸಂಶಯವೇ ಮೊದಲು ಬರುತ್ತದೆ. ಟ್ಯೂಬು ಇನ್ನೂ ಮನೆಯಲ್ಲಿದ್ದರೆ ದೊಡ್ಡ ಅಕ್ಷರದ ಹೆಸರು ಬಿಟ್ಟು ಕೆಳಗಿರುವ ಸಣ್ಣ ಅಕ್ಷರ ಓದಿ. ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್, ಫ್ಲೂಸಿನೊಲೋನ್, ಇವುಗಳಲ್ಲಿ ಒಂದಿದ್ದರೂ ಅದು ಸ್ಟೀರಾಯ್ಡ್ ಕ್ರೀಮು. ‘ಜೋಲ್’ ಎಂದು ಮುಗಿಯುವ ಕ್ಲೋಟ್ರಿಮಜೋಲ್, ಮೈಕೊನಜೋಲ್ ಬೇರೆ, ಅವು ಫಂಗಸ್ ಔಷಧ. ಆದರೆ ಅದನ್ನು ಓದಿ ಸಮಾಧಾನಪಟ್ಟು ನಿಲ್ಲಬೇಡಿ. ನಮ್ಮಲ್ಲಿ ಮಾರುವ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್, ಫಂಗಸ್ ಔಷಧ, ಆ್ಯಂಟಿಬಯೋಟಿಕ್ ಮೂರನ್ನೂ ಒಟ್ಟಿಗೆ ಕಲಸಿರುತ್ತಾರೆ. ಹೈಡ್ರೋಕ್ವಿನೋನ್, ಟ್ರೆಟಿನೋಯಿನ್ ಜೊತೆ ಮೊಮೆಟಾಸೋನ್ ಸೇರಿಸಿದ, ಕಲೆಗೆಂದು ಕೊಡುವ ಕ್ರೀಮುಗಳೂ ಇದೇ ಜಾತಿ.

ಸ್ಟೀರಾಯ್ಡ್ ಊತವನ್ನೂ ಕೆಂಪನ್ನೂ ಅದುಮಿ ಹಿಡಿಯುತ್ತದೆ, ಮೊಡವೆ ಹುಟ್ಟುವ ಜಾಗವನ್ನು ಸರಿಮಾಡುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆನ್ನೆಯಲ್ಲಿ ಎಳೆ ಎಳೆಯಾಗಿ ರಕ್ತನಾಳ ಕಾಣುತ್ತದೆ, ಮುಖದ ಮೇಲೆ ಕೂದಲು ಹೆಚ್ಚುತ್ತದೆ, ಒಂದೇ ಅಳತೆಯ ಕೆಂಪು ಗುಳ್ಳೆಗಳು ಏಳುತ್ತವೆ. ಕೊನೆಗೆ ಬಿಸಿಲು, ಸೋಪು, ಒಲೆಯ ಝಳ ಏನು ತಾಗಿದರೂ ಉರಿಯುವ ಮುಖವಾಗಿ ಕೂರುತ್ತದೆ. ನಮ್ಮ ದೇಶದಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಭಾರತದ ಚರ್ಮವೈದ್ಯರು ಇದಕ್ಕೊಂದು ಹೆಸರನ್ನೇ ಕೊಟ್ಟಿದ್ದಾರೆ, ‘ಸ್ಟೀರಾಯ್ಡ್‌ನಿಂದ ಕೆಟ್ಟ ಮುಖ’ ಎಂಬುದು ಅದರ ಅರ್ಥ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಪಟ್ಟಿಗೆ ಸೇರಿಸಿತು. ಕೌಂಟರಿನಲ್ಲಿ ಕೇಳಿದರೆ ಸಿಗುವುದು ಮಾತ್ರ ನಿಂತಿಲ್ಲ.

ಇದನ್ನು ಇಷ್ಟು ಬೆಳೆಸಿ ಹೇಳಲು ಕಾರಣವಿದೆ. ‘ಸೂಕ್ಷ್ಮ ಚರ್ಮ’ ಎಂದು ಬರುವವರಲ್ಲಿ ಎರಡು ಬಗೆ. ಹುಟ್ಟಿನಿಂದಲೇ ಚರ್ಮದ ಹೊರಪದರ ಸೋರುವಂಥದ್ದು, ಅಂದರೆ ನೀರು ಬೇಗ ಹೊರಗೆ ಹೋಗಿ, ಹೊರಗಿನದು ಬೇಗ ಒಳಗೆ ಇಳಿಯುವಂಥದ್ದು ಒಂದು. ಬಾಲ್ಯದಲ್ಲಿ ಇಸಬು ಇದ್ದವರದು ಹೆಚ್ಚಾಗಿ ಹೀಗೆ, ನಿಮ್ಮ ಮಗಳದೂ ಇದೇ ಇರಬಹುದು. ಇನ್ನೊಂದು ನಾವೇ ಸೋಪು, ಸ್ಕ್ರಬ್, ನಿಂಬೆರಸ, ಸ್ಟೀರಾಯ್ಡ್ ಹಚ್ಚಿ ಮಾಡಿಕೊಂಡದ್ದು. ಎರಡನೆಯದು ವಾಸಿಯಾಗುತ್ತದೆ. ಮೊದಲನೆಯದಕ್ಕೂ ಮೊಡವೆಯ ಔಷಧ ಹಚ್ಚಬಹುದು. ಯಾವ ಔಷಧ ಎಂಬುದರಷ್ಟೇ ಅದು ಚರ್ಮದ ಮೇಲೆ ಎಷ್ಟು ನಿಮಿಷ ಇರುತ್ತದೆ, ವಾರಕ್ಕೆ ಎಷ್ಟು ಸಲ ಬೀಳುತ್ತದೆ ಎಂಬುದೂ ಅಲ್ಲಿ ಮುಖ್ಯ.

ಟ್ಯೂಬಿನಲ್ಲಿ ಸ್ಟೀರಾಯ್ಡ್ ಇದ್ದು, ಹಚ್ಚಿದ್ದು ಬರೀ ಹತ್ತು ದಿನವಾದರೆ ಮತ್ತೆ ಮುಟ್ಟಬೇಡಿ, ಕೆರಳಿದ್ದು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಬಿಟ್ಟು ಬಿಟ್ಟು ತಿಂಗಳುಗಟ್ಟಲೆ ಹಚ್ಚಿದ್ದರೆ ಮನೆಯಲ್ಲಿ ಪ್ರಯೋಗ ಬೇಡ. ಚರ್ಮದ ಡಾಕ್ಟರು ಕೆಲವರಿಗೆ ಒಮ್ಮೆಲೇ ನಿಲ್ಲಿಸುತ್ತಾರೆ, ಕೆಲವರಿಗೆ ಸೌಮ್ಯವಾದದ್ದಕ್ಕೆ ಇಳಿಸಿ ಬಿಡಿಸುತ್ತಾರೆ, ಆ ನಡುವಿನ ಕೆರಳಿಕೆಗೆ ಮಾತ್ರೆಯನ್ನೂ ಕೊಡಬಹುದು.

ಮೊದಲ ಮೂರು ವಾರ ಮೊಡವೆಯ ಔಷಧವೇ ಬೇಡ

ಉರಿಯುತ್ತಿರುವ ಮುಖದ ಮೇಲೆ ಯಾವ ಒಳ್ಳೆಯ ಔಷಧ ಹಚ್ಚಿದರೂ ಮತ್ತಷ್ಟು ಉರಿಯುತ್ತದೆ, ಆಮೇಲೆ ‘ನನಗೆ ಅದು ಒಗ್ಗುವುದಿಲ್ಲ’ ಎಂದು ಆ ಔಷಧವನ್ನೇ ಜೀವಮಾನವಿಡೀ ದೂರ ಇಡುತ್ತಾರೆ. ಹಾಗಾಗಿ ಮೊದಲು ನೆಲ ಹದ ಮಾಡಬೇಕು.

ಸಾಮಾನ್ಯ ಸ್ನಾನದ ಸೋಪಿನ ಪಿಎಚ್ (ಆಮ್ಲ, ಕ್ಷಾರದ ಅಳತೆ) 9ರಿಂದ 10, ಚರ್ಮದ್ದು 5ರ ಆಸುಪಾಸು. ಅದರ ಮೇಲೆ ಬೋರ್‌ವೆಲ್ ನೀರು. ಬಿಸಿನೀರಿನ ಪಾತ್ರೆಯೊಳಗೆ ಬಿಳಿ ಪದರ ಕಟ್ಟುವ ಮನೆಗಳಲ್ಲಿ ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಚರ್ಮದ ಮೇಲೆ ತೆಳ್ಳಗೆ ಉಳಿದುಬಿಡುತ್ತದೆ, ಎಷ್ಟು ತೊಳೆದರೂ ಸರಿಯಾಗಿ ಹೋಗುವುದಿಲ್ಲ. ಸೋಪಿನ ಬದಲು ಪಿಎಚ್ 5.5 ಎಂದು ಬರೆದಿರುವ, ಸುವಾಸನೆ ಇಲ್ಲದ, ಹೆಚ್ಚು ನೊರೆ ಬರದ ಕ್ಲೆನ್ಸರ್ ತನ್ನಿ. ಅದರಲ್ಲಿ ಸ್ಯಾಲಿಸಿಲಿಕ್ ಆಸಿಡ್, ಟೀ ಟ್ರೀ, ಮೆಂಥಾಲ್ ಏನೂ ಇರಬಾರದು. ದಿನಕ್ಕೆ ಎರಡೇ ಸಲ, ಅರ್ಧ ನಿಮಿಷ, ಬೆರಳ ತುದಿಯಿಂದ, ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ. ಶಾಲೆಯಿಂದ ಬಂದು ಮೂರನೆಯ ಸಲ ತೊಳೆಯಲೇಬೇಕು ಅನ್ನಿಸಿದರೆ ಬರೀ ನೀರು. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಲಿ.

ಮುಖ ಇನ್ನೂ ಹಸಿಯಿರುವಾಗಲೇ ಮಾಯಿಶ್ಚರೈಸರ್. ‘ಮೊದಲೇ ಎಣ್ಣೆ ಮುಖ, ಇನ್ನು ಕ್ರೀಮು ಯಾಕೆ’ ಎಂದು ಮಕ್ಕಳು ಕೇಳುತ್ತಾರೆ. ಜಿಡ್ಡು ಬೇರೆ, ನೀರಿನ ಅಂಶ ಬೇರೆ. ಜಿಡ್ಡು ಸುರಿಯುವ ಮುಖವೂ ಒಳಗೆ ಒಣಗಿರಬಹುದು. ಸೆರಮೈಡ್, ಗ್ಲಿಸರಿನ್, ಡೈಮೆಥಿಕೋನ್ ಇರುವ, ಸುವಾಸನೆಯಿಲ್ಲದ ತೆಳು ಲೋಷನ್ ಸಾಕು. ತೋರುಬೆರಳಿನ ತುದಿಯ ಗೆಣ್ಣಿನಷ್ಟುದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅಂಥ ಎರಡು ಮುಖಕ್ಕೆ ಬೇಕು. ಕೊಬ್ಬರಿ ಎಣ್ಣೆ ಮೈಗೆ ಒಳ್ಳೆಯದಿರಬಹುದು, ಮೊಡವೆಯ ಮುಖಕ್ಕೆ ಬೇಡ.

ಬೆಳಿಗ್ಗೆ ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕೆ ಕಡಿಮೆ ಇಲ್ಲದ್ದು. ನಮ್ಮ ಬಣ್ಣದ ಚರ್ಮದಲ್ಲಿ ಮೊಡವೆ ಹೋದರೂ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಬಿಸಿಲು ಅದನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಉರಿಯುವ ಮುಖಕ್ಕೆ ಜಿಂಕ್ ಆಕ್ಸೈಡ್ ಇರುವುದು ಹೆಚ್ಚು ಹೊಂದುತ್ತದೆ. ಸ್ವಲ್ಪ ಬೆಳ್ಳಗೆ ಕಾಣುತ್ತದೆ ಎಂದು ಮಗಳು ಗೊಣಗಿದರೆ ಬಣ್ಣ ಬೆರೆಸಿದ್ದು ಸಿಗುತ್ತದೆ.

ಈ ಮೂರು ವಾರದಲ್ಲಿ ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ, ಅರಿಶಿನ, ಅಲೋವೆರಾ ಎಲ್ಲಕ್ಕೂ ರಜೆ. ನಿಂಬೆರಸ ಮತ್ತು ಟೂತ್‌ಪೇಸ್ಟ್‌ಗೆ ಕಾಯಂ ರಜೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂಥ ಗುಳ್ಳೆ ಎದ್ದು ಕಪ್ಪು ಪಟ್ಟೆ ಬೀಳಬಹುದು. ಟೂತ್‌ಪೇಸ್ಟ್ ಮೊಡವೆಯನ್ನು ಒಣಗಿಸಿದಂತೆ ಕಾಣಿಸಿ ಸುತ್ತಲಿನ ಚರ್ಮ ಸುಡುತ್ತದೆ.

ಹಣೆಯದು ಮೊಡವೆಯೇ?

ಔಷಧ ಆರಿಸುವ ಮುಂಚೆ ಬೆಳಕಿನಲ್ಲಿ ಕೂರಿಸಿ ಹಣೆಯನ್ನು ಸರಿಯಾಗಿ ನೋಡಿ. ಕೂದಲಿನ ಅಂಚಿನಲ್ಲಿ ಸಾಸಿವೆಕಾಳಿನಂಥ, ಎಲ್ಲವೂ ಒಂದೇ ಅಳತೆಯ ಗುಳ್ಳೆಗಳಿದ್ದು, ಬೆವರಿದಾಗ ತುರಿಸಿದರೆ ಅದು ಮೊಡವೆ ಆಗಿರದೆ ರೋಮದ ಬುಡದಲ್ಲಿ ಬೆಳೆಯುವ ಮಲಸೇಜಿಯ ಎಂಬ ಯೀಸ್ಟ್ ಇರಬಹುದು. ಮೊಡವೆ ಸಾಮಾನ್ಯವಾಗಿ ಅಷ್ಟು ತುರಿಸುವುದಿಲ್ಲ, ಅದರಲ್ಲಿ ದೊಡ್ಡದು ಚಿಕ್ಕದು, ಬ್ಲ್ಯಾಕ್‌ಹೆಡ್, ಕೀವು ಎಲ್ಲ ಬೆರಕೆಯಾಗಿರುತ್ತದೆ. ಯೀಸ್ಟಿನದಾದರೆ ಆ್ಯಂಟಿಬಯೋಟಿಕ್ ಕೊಟ್ಟಷ್ಟೂ ಹೆಚ್ಚುತ್ತದೆ, ಸ್ಟೀರಾಯ್ಡ್ ಹಚ್ಚಿದರೂ ಅಷ್ಟೇ. ಡಾಕ್ಟರು ಗುಳ್ಳೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಬಲ್ಲರು, ಔಷಧ ಕೀಟೊಕೊನಜೋಲ್ ಜಾತಿಯದು.

ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆಯ ಹುಡುಗಿಯರಲ್ಲಿ ಹಣೆಯ ಮೇಲಂಚು, ಕೆನ್ನೆಯ ಬದಿ ಮಾತ್ರ ತುಂಬಿಕೊಂಡಿರುತ್ತದೆ. ಅದು ಎಣ್ಣೆ ಇಳಿದು ರಂಧ್ರ ಕಟ್ಟಿದ್ದು. ಎಣ್ಣೆ ಬಿಡಲೇಬೇಕೆಂದಿಲ್ಲ. ತಲೆಗೆ ನೀರು ಹಾಕುವ ಎರಡು ಗಂಟೆ ಮುಂಚೆ ಹಚ್ಚಿ ತೊಳೆದುಬಿಡಿ, ಹಚ್ಚಿಕೊಂಡು ಮಲಗುವುದು ಬೇಡ. ದಿಂಬಿನ ಕವರು ವಾರಕ್ಕೆರಡು ಸಲ ಬದಲಾಯಿಸಿ.

ಈಗ ತಕ್ಕಡಿಗೆ

ಮೊಡವೆ ಆಗುವುದು ಹೀಗೆ: ಹರೆಯದ ಹಾರ್ಮೋನಿನಿಂದ ಜಿಡ್ಡು ಹೆಚ್ಚುತ್ತದೆ, ರಂಧ್ರದ ಬಾಯಲ್ಲಿ ಸತ್ತ ಪದರ ಉದುರದೆ ಅಂಟಿ ಮುಚ್ಚುತ್ತದೆ, ಮುಚ್ಚಿದ ರಂಧ್ರದೊಳಗೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ದೇಹ ಅದರ ವಿರುದ್ಧ ಊದಿಕೊಳ್ಳುತ್ತದೆ. ಒಂದೊಂದು ಔಷಧ ಒಂದೊಂದು ಜಾಗದಲ್ಲಿ ಕೈ ಹಾಕುತ್ತದೆ.

ಬೆಂಜಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾವನ್ನು ಆಮ್ಲಜನಕದಿಂದ ಕೊಲ್ಲುತ್ತದೆ. ಆ್ಯಂಟಿಬಯೋಟಿಕ್‌ಗಳಂತೆ ಇದಕ್ಕೆ ಬ್ಯಾಕ್ಟೀರಿಯಾ ಪಳಗುವುದಿಲ್ಲ. ಹಚ್ಚುವ ಔಷಧಗಳಲ್ಲಿ ಬೇಗ ಗುಣ ಕಾಣುವುದು ಇದರಲ್ಲೇ, ಕೆಂಪು ಗುಳ್ಳೆ, ಕೀವಿನ ಗುಳ್ಳೆ ಕೆಲವು ವಾರಗಳಲ್ಲೇ ಇಳಿಯತೊಡಗಬಹುದು. ಮುಚ್ಚಿದ ಸಣ್ಣ ಗುಳ್ಳೆಗಳ ಮೇಲೆ ಪ್ರಭಾವ ಕಡಿಮೆ. ಶೇ 2.5, 5, 10 ಎಂದು ಸಿಗುತ್ತದೆ. ಶೇ 2.5ರದ್ದು ಹತ್ತರದ್ದಕ್ಕೆ ಹೆಚ್ಚುಕಡಿಮೆ ಸಮನಾಗಿ ಕೆಲಸ ಮಾಡುತ್ತದೆ, ಉರಿ ಮಾತ್ರ ಹತ್ತರದ್ದರಲ್ಲಿ ಹೆಚ್ಚು. ಹಾಗಿರುವಾಗ ಸೂಕ್ಷ್ಮ ಚರ್ಮಕ್ಕೆ ಹತ್ತನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಇನ್ನೊಂದು ಅನುಕೂಲ, ಇದನ್ನು ಇಡೀ ರಾತ್ರಿ ಬಿಡಬೇಕಿಲ್ಲ. ತೊಳೆದ ಮುಖಕ್ಕೆ ತೆಳ್ಳಗೆ ಹಚ್ಚಿ 2 ನಿಮಿಷ ಇಟ್ಟು ತೊಳೆದರೂ ಕೆಲಸವಾಗುತ್ತದೆ, ಕ್ರಮೇಣ 5 ನಿಮಿಷಕ್ಕೆ ಹೋಗಬಹುದು. ಬಣ್ಣದ ಟವೆಲು, ದಿಂಬಿನ ಕವರು, ಯೂನಿಫಾರ್ಮಿನ ಕಾಲರು, ಹುಬ್ಬು ಕೂಡ ಬಿಳಚಿಕೊಳ್ಳುತ್ತವೆ. ಅದಕ್ಕೆಂದೇ ಒಂದು ಬಿಳಿ ಟವೆಲ್ ಇಡಿ. ಬಿಸಿಯಲ್ಲಿ ಇದು ಒಡೆದು ಬೆಂಜೀನ್ ಆಗುವುದರಿಂದ ಟ್ಯೂಬನ್ನು ಕಿಟಕಿಯ ಬಿಸಿಲಲ್ಲಿ, ಕಾರಿನಲ್ಲಿ ಬಿಡಬಾರದು.

ಉರಿ ಮತ್ತು ಅಲರ್ಜಿ ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ಹಚ್ಚಿದ ಜಾಗದಲ್ಲಷ್ಟೇ ಚುರುಗುಟ್ಟಿ, ಒಣಗಿ, ಹೊಟ್ಟೇಳುವುದು ಉರಿ. ಕಡಿಮೆ ಹೊತ್ತು ಇಟ್ಟರೆ, ದಿನ ಬಿಟ್ಟು ದಿನ ಮಾಡಿದರೆ ಇಳಿಯುತ್ತದೆ. ವಿಪರೀತ ತುರಿಕೆ, ನೀರ್ಗುಳ್ಳೆ, ಹಚ್ಚದ ಜಾಗಕ್ಕೂ ಹರಡುವ ಕೆಂಪು, ರೆಪ್ಪೆ ಊದುವುದು ಅಲರ್ಜಿ. ಅಂಥವರು ಈ ಔಷಧವನ್ನು ಮತ್ತೆ ಎಂದೂ ಮುಟ್ಟಬಾರದು. ಅಪರೂಪಕ್ಕೆ ತುಟಿ ಊದಿ ಉಸಿರು ಕಟ್ಟುವುದೂ ಉಂಟು. ಅಮೆರಿಕದ ಔಷಧ ನಿಯಂತ್ರಕರು 2014ರಲ್ಲಿ ಬೆಂಜಾಯಿಲ್ ಪೆರಾಕ್ಸೈಡ್, ಸ್ಯಾಲಿಸಿಲಿಕ್ ಆಸಿಡ್ ಎರಡರ ಬಗ್ಗೆಯೂ ಈ ಎಚ್ಚರಿಕೆ ಕೊಟ್ಟು, ಮೊದಲ ಮೂರು ದಿನ ಒಂದೆರಡು ಚಿಕ್ಕ ಜಾಗದಲ್ಲಿ ಮಾತ್ರ ಹಚ್ಚಿ ನೋಡಲು ಹೇಳಿದರು. ಇಸಬಿನ ಮೈಗೆ ಮೂರರ ಬದಲು ಐದಾರು ದಿನ ನೋಡುವುದು ಒಳ್ಳೆಯದು. ದವಡೆಯ ಕೆಳಗೆ ರೂಪಾಯಿ ನಾಣ್ಯದಷ್ಟು ಜಾಗ ಸಾಕು.

ಅಡಾಪಲೀನ್ ರಂಧ್ರದ ಬಾಯಿ ಕಟ್ಟುವುದನ್ನೇ ತಡೆಯುತ್ತದೆ. ಇರುವ ಮೊಡವೆಗಿಂತ ಮುಂದಿನ ತಿಂಗಳು ಬರಲಿರುವ ಮೊಡವೆಗೆ ಔಷಧ ಇದು, ಆದ್ದರಿಂದ ನಿಧಾನ. ವಿಟಮಿನ್ ಎ ಜಾತಿಯ ಹಚ್ಚುವ ಔಷಧಗಳಲ್ಲಿ ಟ್ರೆಟಿನೋಯಿನ್‌ಗಿಂತ ಕಡಿಮೆ ಉರಿಯುವಂಥದ್ದು, ಬೆಳಕಿಗೂ ಬೆಂಜಾಯಿಲ್ ಪೆರಾಕ್ಸೈಡ್‌ಗೂ ಕೆಡುವುದಿಲ್ಲ. ಅಮೆರಿಕದಲ್ಲಿ ಶೇ 0.1ರ ಜೆಲ್ 2016ರಿಂದ 12 ವರ್ಷ ದಾಟಿದವರಿಗೆ ಚೀಟಿಯಿಲ್ಲದೆ ಸಿಗುತ್ತದೆ. ಇಂಟರ್ನೆಟ್‌ನಲ್ಲಿ ಅದರ ಹೆಸರು ಅಷ್ಟು ಕೇಳಿಬರುವುದಕ್ಕೆ ಇದೂ ಒಂದು ಕಾರಣ. ನಮ್ಮಲ್ಲಿ ವೈದ್ಯರ ಚೀಟಿ ಬೇಕು. ದೀರ್ಘಕಾಲದ ಲೆಕ್ಕದಲ್ಲಿ ನಿಮ್ಮ ಮಗಳಿಗೆ ನನ್ನ ಆಯ್ಕೆ ಇದೇ. ತೊಂದರೆ ಇರುವುದು 2ರಿಂದ 6ನೇ ವಾರದಲ್ಲಿ. ಚರ್ಮ ಒಣಗಿ ಸಿಪ್ಪೆ ಏಳುತ್ತದೆ, ಒಳಗಿದ್ದ ಗುಳ್ಳೆಗಳು ಒಟ್ಟಿಗೆ ಹೊರಬಿದ್ದು ಮೊಡವೆ ಹೆಚ್ಚಾದಂತೆ ಕಾಣುತ್ತದೆ. ಬಹಳ ಮಂದಿ ಕೈಬಿಡುವುದು ಈ ನಡುವಿನಲ್ಲೇ.

ಗೆಳತಿಯರಾಗಲಿ ನಾದಿನಿಯಾಗಲಿ ಹೇಳದ ಒಂದು ಔಷಧವನ್ನೂ ಇಲ್ಲಿ ಸೇರಿಸಬೇಕು: ಅಜೆಲಾಯಿಕ್ ಆಸಿಡ್. ಶೇ 10, 15, 20ರಲ್ಲಿ ಸಿಗುತ್ತದೆ. ರಂಧ್ರ, ಬ್ಯಾಕ್ಟೀರಿಯಾ, ಊತ ಮೂರರ ಮೇಲೂ ಸ್ವಲ್ಪ ಸ್ವಲ್ಪ ಕೆಲಸ ಮಾಡುತ್ತದೆ, ಜೊತೆಗೆ ಕಂದು ಕಲೆಯನ್ನೂ ತಿಳಿ ಮಾಡುತ್ತದೆ. ಕೆಂಪೇಳುವ ಮುಖಕ್ಕೆ ಚೆನ್ನಾಗಿ ಹೊಂದುತ್ತದೆ. ಮೊದಲ ವಾರಗಳಲ್ಲಿ ಹಚ್ಚಿದ ಹತ್ತಿಪ್ಪತ್ತು ನಿಮಿಷ ಇರುವೆ ಹರಿದಂತೆ ಚುರುಚುರು ಅನ್ನುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಬಲದಲ್ಲಿ ಅಡಾಪಲೀನ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಅಡಾಪಲೀನ್ ವಾರಕ್ಕೆ ಮೂರು ಸಲವೂ ತಡೆಯಲಾರದ ಮುಖಕ್ಕೆ ಇದೇ ದಾರಿ.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಸ್ಯಾಲಿಸಿಲಿಕ್ ಆಸಿಡ್ ಶೇ 2ರ ಫೇಸ್‌ವಾಶ್ ಬ್ಲ್ಯಾಕ್‌ಹೆಡ್‌ಗೆ ತಕ್ಕಮಟ್ಟಿಗೆ ಸರಿ, ಇಸಬಿನ ಚರ್ಮವನ್ನು ಒಣಗಿಸುತ್ತದೆ, ನಿಮಗೆ ಬೇಡ. ನಿಯಾಸಿನಮೈಡ್ ಶೇ 4–5 ಇದ್ದರೆ ಒಳ್ಳೆಯ ಜೊತೆಗಾರ. ಶೇ 10ರದ್ದು ಎಂದು ಮಾರುವ ಸೀರಮ್‌ಗಳು ಹಲವರಿಗೆ ಉರಿಯುತ್ತವೆ. ಕ್ಲಿಂಡಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಜೆಲ್ ಅಂಗಡಿಯವರ ಅಚ್ಚುಮೆಚ್ಚು, ಯಾಕೆಂದರೆ ಉರಿಯುವುದಿಲ್ಲ, ಯಾರೂ ವಾಪಸು ಬಂದು ಜಗಳ ಮಾಡುವುದಿಲ್ಲ. ಆದರೆ ಅದೊಂದನ್ನೇ ಹಚ್ಚಿದರೆ ಕೆಲವೇ ತಿಂಗಳಲ್ಲಿ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುವುದಿಲ್ಲ. ಹಚ್ಚುವುದಿದ್ದರೆ ಬೆಂಜಾಯಿಲ್ ಪೆರಾಕ್ಸೈಡ್ ಜೊತೆಗೇ ಹಚ್ಚಬೇಕು.

ಮದುವೆಯ ಲೆಕ್ಕ

ಎರಡು ತಿಂಗಳೆಂದರೆ ಎಂಟು ವಾರ, ಹೆಚ್ಚೆಂದರೆ ಒಂಬತ್ತು. ಮೂರು ವಾರ ಚರ್ಮದ ವಿಶ್ರಾಂತಿಗೆ ಹೋಯಿತು. ಆಮೇಲೆ ಅಡಾಪಲೀನ್ ಶುರು ಮಾಡಿದರೆ ಮದುವೆಯ ದಿನ ಬೀಳುವುದು ಸರಿಯಾಗಿ ಸಿಪ್ಪೆ ಏಳುವ ವಾರಗಳಲ್ಲಿ. ಅದಕ್ಕೇ ಮದುವೆಗೆ ಮುಂಚೆ ಅಡಾಪಲೀನ್ ಬೇಡ. ನಾಲ್ಕನೇ ವಾರದಿಂದ ಬೆಂಜಾಯಿಲ್ ಪೆರಾಕ್ಸೈಡ್ ಶೇ 2.5, ಸಂಜೆ ಹೊತ್ತು, ದಿನ ಬಿಟ್ಟು ದಿನ, 2 ನಿಮಿಷ. ಒಂದು ವಾರ ಉರಿ ಬರದಿದ್ದರೆ ಪ್ರತಿದಿನ 2 ನಿಮಿಷ, ಮತ್ತೊಂದು ವಾರದ ಮೇಲೆ 5 ನಿಮಿಷ. ತೊಳೆದು ಮಾಯಿಶ್ಚರೈಸರ್. ಹಣೆ, ಕೆನ್ನೆಯ ಇಡೀ ಜಾಗಕ್ಕೆ ತೆಳುವಾಗಿ ಹಚ್ಚಬೇಕು. ಎದ್ದ ಗುಳ್ಳೆಯ ಮೇಲಷ್ಟೇ ಚುಕ್ಕೆ ಇಟ್ಟರೆ ಪಕ್ಕದಲ್ಲಿ ಹುಟ್ಟುತ್ತಿರುವುದು ಬಿಟ್ಟುಹೋಗುತ್ತದೆ. ಕಣ್ಣಿನ ಸುತ್ತ, ಮೂಗಿನ ಸಂದಿ, ತುಟಿಯ ಮೂಲೆ ಬಿಡಿ. ಅಲ್ಲಿ ಮೊದಲೇ ಸ್ವಲ್ಪ ವ್ಯಾಸಲೀನ್ ಸವರಿದ್ದರೆ ಹರಿದು ಬಂದರೂ ತೊಂದರೆಯಿಲ್ಲ.

ಮದುವೆಗೆ ಎರಡು ವಾರ ಇರುವಾಗ ಹೊಸದೇನೂ ಬೇಡ. ಫೇಶಿಯಲ್, ಬ್ಲೀಚ್, ಮುಖದ ವ್ಯಾಕ್ಸಿಂಗ್ ಮೂರೂ ಬೇಡ. ಮದುವೆಗೆ ನಾಲ್ಕೈದು ದಿನ ಇರುವಾಗ ಒಂದೇ ಒಂದು ದೊಡ್ಡ ಗಂಟು ಎದ್ದು ನೋಯುತ್ತಿದ್ದರೆ ಚರ್ಮದ ಡಾಕ್ಟರು ಅದರೊಳಗೆ ತೀರಾ ತೆಳುವಾದ ಟ್ರಯಮ್ಸಿನೊಲೋನ್ ಚುಚ್ಚಿ ಎರಡು ಮೂರು ದಿನದಲ್ಲಿ ಇಳಿಸಬಲ್ಲರು. ಅದೂ ಸ್ಟೀರಾಯ್ಡೇ. ಗಂಟಿನ ಒಳಗೆ ಒಂದು ಹನಿ ಅಳೆದು ಹಾಕುವುದಕ್ಕೂ ಮುಖವಿಡೀ ಬಳಿಯುವುದಕ್ಕೂ ಇರುವ ವ್ಯತ್ಯಾಸ ಇದು. ಪ್ರಮಾಣ ಹೆಚ್ಚಾದರೆ ಅಲ್ಲಿ ಗುಳಿ ಬೀಳುತ್ತದೆ, ಹಾಗಾಗಿ ಪಳಗಿದ ಕೈಯೇ ಬೇಕು.

ಮದುವೆ ಮುಗಿದ ಮೇಲೆ ಅಡಾಪಲೀನ್ ಹೀಗೆ ಶುರುವಾಗಲಿ. ಶೇ 0.1, ಜೆಲ್‌ಗಿಂತ ಕ್ರೀಮಿನ ರೂಪ ಸಿಕ್ಕರೆ ಇನ್ನೂ ಸೌಮ್ಯ. ರಾತ್ರಿ ಮುಖ ತೊಳೆದು, ಒರೆಸಿ, 20–30 ನಿಮಿಷ ಪೂರ್ತಿ ಆರಲು ಬಿಡಿ. ಹಸಿ ಚರ್ಮದೊಳಗೆ ಔಷಧ ಹೆಚ್ಚು ಇಳಿದು ಹೆಚ್ಚು ಉರಿಯುತ್ತದೆ. ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಬಟಾಣಿ ಕಾಳಿನಷ್ಟು ಅಡಾಪಲೀನ್. ಇಡೀ ಮುಖಕ್ಕೆ ಅಷ್ಟೇ: ಹಣೆ, ಎರಡು ಕೆನ್ನೆ, ಗದ್ದದಲ್ಲಿ ಒಂದೊಂದು ಚುಕ್ಕೆ ಇಟ್ಟು ಹರಡಬೇಕು. ಮೊದಲ ಎರಡು ವಾರ ಮೂರು ದಿನಕ್ಕೊಮ್ಮೆ, ಅದೂ ಒಂದು ಗಂಟೆ ಇಟ್ಟು ತೊಳೆಯುವುದು. ಮುಂದಿನ ಎರಡು ವಾರ ಮೂರು ದಿನಕ್ಕೊಮ್ಮೆಯೇ, ಆದರೆ ರಾತ್ರಿಯಿಡೀ. ಐದನೇ ವಾರದಿಂದ ದಿನ ಬಿಟ್ಟು ದಿನ. ಇಸಬಿನ ಚರ್ಮದ ಕೆಲವರು ಅಲ್ಲೇ ನಿಲ್ಲುತ್ತಾರೆ, ಪ್ರತಿ ರಾತ್ರಿಗೆ ಹೋಗಲೇಬೇಕೆಂದೇನೂ ಇಲ್ಲ. 15 ಗ್ರಾಂ ಟ್ಯೂಬು ಎರಡು ತಿಂಗಳಾದರೂ ಬರಬೇಕು. ಎರಡು ವಾರದಲ್ಲಿ ಖಾಲಿಯಾಯಿತೆಂದರೆ ಉರಿಗೆ ಕಾರಣ ಬೇರೆ ಹುಡುಕಬೇಕಿಲ್ಲ. ಈ ಹಂತದಲ್ಲಿ ಬೆಂಜಾಯಿಲ್ ಪೆರಾಕ್ಸೈಡ್ ಅನ್ನು ತಿಂಗಳ ಮಟ್ಟಿಗೆ ನಿಲ್ಲಿಸಿ, ಚರ್ಮ ಒಗ್ಗಿಕೊಂಡ ಮೇಲೆ ಬೆಳಗಿನ 2 ನಿಮಿಷಕ್ಕೆ ಮತ್ತೆ ಸೇರಿಸಿ. ಎರಡನ್ನೂ ಒಂದೇ ವಾರದಲ್ಲಿ ಆರಂಭಿಸಿದರೆ ಕೆರಳಿಸಿದ್ದು ಯಾವುದೆಂದು ತಿಳಿಯುವುದೇ ಇಲ್ಲ.

ನೀರು ತಾಗಿದರೂ ಉರಿಯುತ್ತಿದ್ದರೆ, ಚರ್ಮ ಹೊಳೆಯುವಷ್ಟು ಬಿಗಿದು ಕೆಂಪಾಗಿದ್ದರೆ ಐದು ದಿನ ಔಷಧ ಬಿಟ್ಟು ಬರೀ ಮಾಯಿಶ್ಚರೈಸರ್ ಹಚ್ಚಿ, ಆಮೇಲೆ ಹಿಂದಿನ ಮೆಟ್ಟಿಲಿಂದ ಮತ್ತೆ ಹತ್ತಿ. ಸಹಿಸಿಕೊಂಡು ಹಚ್ಚುತ್ತಾ ಹೋಗುವುದರಲ್ಲಿ ಲಾಭವಿಲ್ಲ. ನಮ್ಮ ಬಣ್ಣದ ಚರ್ಮದಲ್ಲಿ ಉರಿಯೇ ಕಂದು ಕಲೆ ಬಿಟ್ಟುಹೋಗುತ್ತದೆ.

ನಾದಿನಿ ಹೇಳಿದ ಮಾತ್ರೆ

ಐಸೊಟ್ರೆಟಿನೋಯಿನ್ ಕೆಟ್ಟ ಔಷಧವಲ್ಲ. ಗಂಟು ಗಂಟಾಗಿ ಏಳುವ, ಗುಳಿ ಬೀಳಿಸುವ, ಬೇರೆ ಚಿಕಿತ್ಸೆಗೆ ಬಗ್ಗದ ಮೊಡವೆಗೆ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ. ನಿಮ್ಮ ಪತ್ರದಲ್ಲಿ ಹೇಳಿದ ಮೊಡವೆಗೆ ಮಾತ್ರ ಅದು ಮೊದಲ ಮೆಟ್ಟಿಲಲ್ಲ. ಜಿಡ್ಡಿನ ಗ್ರಂಥಿಯನ್ನೇ ಕುಗ್ಗಿಸುವುದರಿಂದ ತುಟಿ ಒಡೆಯದವರೇ ಇಲ್ಲ, ಇಸಬು ಇದ್ದವರಿಗೆ ಅದು ಮತ್ತೆ ಕೆರಳಬಹುದು. ತೂಕ ನೋಡಿ ದಿನಕ್ಕೆ ಕಿಲೋಗೆ 0.5ರಿಂದ 1 ಮಿ.ಗ್ರಾಂ, ಸೂಕ್ಷ್ಮ ಚರ್ಮಕ್ಕೆ ಅದಕ್ಕಿಂತ ಕಡಿಮೆಯಿಂದ ಶುರು ಮಾಡುತ್ತಾರೆ, ತಿಂಗಳುಗಟ್ಟಲೆ ನಡೆಯುತ್ತದೆ. ಹೊಟ್ಟೆ ತುಂಬ, ಸ್ವಲ್ಪ ಜಿಡ್ಡಿರುವ ಊಟದ ಜೊತೆ ನುಂಗಿದರೆ ಮಾತ್ರ ಸರಿಯಾಗಿ ಮೈಗೆ ಹತ್ತುತ್ತದೆ. ಶುರುವಿಗೆ ಮುಂಚೆ ಮತ್ತು ನಡುವೆ ಲಿವರ್, ಟ್ರೈಗ್ಲಿಸರೈಡ್ (ರಕ್ತದ ಕೊಬ್ಬು) ಪರೀಕ್ಷೆ ಆಗಬೇಕು. ಮನಸ್ಸು ಮಂಕಾಗುವುದನ್ನು, ಓದಿನಲ್ಲಿ ಆಸಕ್ತಿ ಬಿಡುವುದನ್ನು ಮನೆಯವರು ಗಮನಿಸುತ್ತಿರಬೇಕು. ಎಲ್ಲಕ್ಕಿಂತ ದೊಡ್ಡದು, ಗರ್ಭಿಣಿ ಇದನ್ನು ತೆಗೆದುಕೊಂಡರೆ ಮಗುವಿಗೆ ಗಂಭೀರ ಅಂಗದೋಷ ಬರಬಹುದು. ಹರೆಯಕ್ಕೆ ಬಂದ ಯಾವ ಹುಡುಗಿಗೆ ಕೊಡುವಾಗಲೂ ಡಾಕ್ಟರು ಈ ವಿಷಯ ಎತ್ತುತ್ತಾರೆ, ಅದನ್ನು ಅವಮಾನವೆಂದು ತಿಳಿಯಬೇಡಿ. ಅಕ್ಕನಿಗೆ ತಂದದ್ದರಲ್ಲಿ ಉಳಿದ ಮಾತ್ರೆಯನ್ನು ತಂಗಿಗೆ ಕೊಡುವ ಔಷಧ ಇದಲ್ಲ.

ಕೆಂಪು, ಕೀವು ಹೆಚ್ಚಿದ್ದಾಗ ನಡುವಿನ ಮೆಟ್ಟಿಲು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ, ಸಾಮಾನ್ಯವಾಗಿ ದಿನಕ್ಕೆ 100 ಮಿ.ಗ್ರಾಂ, ಮೂರು ತಿಂಗಳಿಗೆ ಸೀಮಿತ, ಜೊತೆಗೆ ಬೆಂಜಾಯಿಲ್ ಪೆರಾಕ್ಸೈಡ್ ಇರಲೇಬೇಕು. ತುಂಬಿದ ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆಯಾದರೂ ಕೂತಿರಬೇಕು. ನುಂಗಿದ ಕೂಡಲೇ ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿ ಹುಣ್ಣು ಮಾಡುತ್ತದೆ. ಹಾಲು, ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಇವುಗಳ ಜೊತೆ ಬೇಡ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಇದನ್ನೂ ಐಸೊಟ್ರೆಟಿನೋಯಿನ್ ಅನ್ನೂ ಒಟ್ಟಿಗೆ ತೆಗೆದುಕೊಳ್ಳಲೇಬಾರದು, ತಲೆಬುರುಡೆಯೊಳಗಿನ ಒತ್ತಡ ಏರಬಹುದು.

ಮಾತ್ರೆಯ ಮಾತು ಬಂದಾಗ ಇನ್ನೊಂದು ವಿಚಾರಿಸಿ. ಮುಟ್ಟು ಶುರುವಾಗಿ ಎರಡು ಮೂರು ವರ್ಷವಾದ ಮೇಲೂ ಮೂರು ತಿಂಗಳಿಗೊಮ್ಮೆ ಬರುತ್ತಿದ್ದರೆ, ಗದ್ದ, ಮೇಲ್ದುಟಿಯಲ್ಲಿ ಗಡಸು ಕೂದಲಿದ್ದರೆ, ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪವಾಗಿದ್ದರೆ, ಮೊಡವೆ ದವಡೆಯ ಸುತ್ತಲೇ ಹೆಚ್ಚಿದ್ದರೆ ಹಾರ್ಮೋನಿನ ಪರೀಕ್ಷೆ ಬೇಕು. ಪಿಸಿಓಡಿ, ಅಂದರೆ ಅಂಡಾಶಯದ ಹಾರ್ಮೋನಿನ ಏರುಪೇರು ಇದ್ದರೆ ಮುಖಕ್ಕೆ ಹಚ್ಚುವುದರಿಂದಷ್ಟೇ ಪೂರ್ತಿ ಹತೋಟಿಗೆ ಬರುವುದು ಕಷ್ಟ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೆ ಮದುವೆ ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾವು, ಮೊಟ್ಟೆ, ಕಡಲೆಕಾಯಿ ‘ಉಷ್ಣ’ವೆಂದು ಬೆಳೆಯುವ ಹುಡುಗಿಗೆ ನಿಲ್ಲಿಸಬೇಡಿ. ಸಕ್ಕರೆ ಪಾನೀಯ, ಬೇಕರಿ ತಿನಿಸುಗಳಂಥ ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುವ ಆಹಾರಕ್ಕೂ ಮೊಡವೆಗೂ ನಂಟಿರುವುದಕ್ಕೆ ಒಂದಿಷ್ಟು ಆಧಾರವಿದೆ. ಹಾಲಿಗೆ ಅದಕ್ಕಿಂತ ಕಡಿಮೆ ಆಧಾರ. ಸಂಜೆಯ ಪಫ್, ಕೂಲ್ ಡ್ರಿಂಕ್ಸ್ ಕಡಿಮೆ ಮಾಡಿದರೆ ಸಾಕು.

ಹನ್ನೆರಡು ವಾರ ಸರಿಯಾಗಿ ಹಚ್ಚಿಯೂ ಅರ್ಧದಷ್ಟು ಕಡಿಮೆಯಾಗದಿದ್ದರೆ, ಗುಳಿ ಬೀಳುತ್ತಿದ್ದರೆ, ಮಗಳು ಮೊಡವೆಯ ನಾಚಿಕೆಗೆ ಶಾಲೆ ತಪ್ಪಿಸುತ್ತಿದ್ದರೆ ಕಾಯುವುದು ಬೇಡ, ಚರ್ಮದ ಡಾಕ್ಟರ ಬಳಿ ಹೋಗಿ. ಮೊಡವೆಯ ಜೊತೆ ಜ್ವರ, ಕೀಲುನೋವು ಬಂದರೆ ಅದೇ ದಿನ ಹೋಗಿ. ಹೋಗುವಾಗ ಆ ಹತ್ತು ದಿನದ ಟ್ಯೂಬು, ಸೋಪಿನ ಹೊದಿಕೆ, ತಲೆಗೆ ಹಾಕುವ ಎಣ್ಣೆಯ ಬಾಟಲಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಒಯ್ಯಿರಿ. ಮೇಕಪ್ ಇಲ್ಲದೆ, ಕಿಟಕಿಯ ಬೆಳಕಿನಲ್ಲಿ, ಎರಡು ವಾರಕ್ಕೊಂದರಂತೆ ತೆಗೆದ ಫೋಟೋಗಳು ಮೊಬೈಲಿನಲ್ಲಿ ಇರಲಿ. ಕನ್ನಡಿಯಲ್ಲಿ ದಿನವೂ ನೋಡುವವರಿಗೆ ಕಾಣದ ಬದಲಾವಣೆ ಅವುಗಳಲ್ಲಿ ಕಾಣುತ್ತದೆ.